ಎಸ್‌ಎಸಿಡಿ: ಇನ್ನೂ ಕೊಳ್ಳೋದಾ, ಇಲ್ಲಿಗೇ ಬಿಡೋದಾ?

ಟ್ರೇಯಲ್ಲಿ ಡಿಸ್ಕ್ ಇಟ್ಟು ಬಟನ್ ಒತ್ತಿದರೆ ನನ್ನ ಹಳೇ ಪ್ಲೇಯರ್ ಹತ್ತು ಸೆಕೆಂಡು ಗೊಣಗುತ್ತಿತ್ತು. ಒಳಗೆ ಲೇಸರ್ ಹಿಂದೆ ಮುಂದೆ ಸರಿದಾಡುವ ಕಟಕಟ ಸದ್ದು. ಆಮೇಲೆ ಮುಂಭಾಗದ ಮೂಲೆಯಲ್ಲಿ ‘ಎಸ್‌ಎಸಿಡಿ’ ಅನ್ನೋ ಪುಟ್ಟ ದೀಪ ಹತ್ತಿಕೊಳ್ಳುತ್ತಿತ್ತು. ಎಸ್‌ಎಸಿಡಿ ಅಂದರೆ ಸೂಪರ್ ಆಡಿಯೋ ಸಿಡಿ, ಸಿಡಿಗಿಂತ ಹೆಚ್ಚು ಸೂಕ್ಷ್ಮವಾಗಿ ಸಂಗೀತ ತುಂಬಿಡುವ ಡಿಸ್ಕ್. ಒಂದು ಸಂಜೆ ಆ ದೀಪ ಹತ್ತಲಿಲ್ಲ. ಸಂಗೀತ ಬಂತು, ಆದರೆ ಪರದೆ ಬರೀ ‘ಸಿಡಿ’ ಅಂತ ತೋರಿಸಿತು. ಡಿಸ್ಕ್ ಒರೆಸಿದೆ. ಬೇರೆ ಡಿಸ್ಕ್ ಹಾಕಿದೆ. ಅದೇ ಕಥೆ. ಡಿಸ್ಕಿಗೆ ಏನೂ ಆಗಿರಲಿಲ್ಲ, ಲೇಸರ್ ಸೋತಿತ್ತು. ಬದಲಿ ಲೇಸರ್ ಹುಡುಕಿಕೊಂಡು ಹೊರಟರೆ, ಆ ಮಾಡೆಲ್‌ನ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿದ್ದರು.

ಎಸ್‌ಎಸಿಡಿಯ ಮುಂದಿನ ಗತಿ ಏನು ಅಂತ ಕೇಳುವವರಿಗೆ ನಾನು ಈ ಕಥೆಯನ್ನೇ ಹೇಳುವುದು. ಡಿಸ್ಕ್ ಅಷ್ಟು ಬೇಗ ಸಾಯುವುದಿಲ್ಲ. ಅದನ್ನು ಓದುವ ಯಂತ್ರ ಮೊದಲು ಸಾಯುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗೆ ಕಪಾಟು ತುಂಬ ಡಿಸ್ಕ್ ಇಟ್ಟುಕೊಂಡು ಪ್ಲೇಯರ್‌ಗಾಗಿ ಅಲೆಯುವ ದಿನ ಬರಬಹುದು. ಹಾಗಂತ ಇವತ್ತೇ ಎಲ್ಲ ಮಾರಿಬಿಡಿ ಅಂತಲೂ ಹೇಳಲಾರೆ. ಯಾರಿಗೆ ಎಸ್‌ಎಸಿಡಿ ಇನ್ನೂ ಸರಿ, ಯಾರಿಗೆ ಬ್ಲೂ-ರೇ, ಡೌನ್‌ಲೋಡ್, ಸ್ಟ್ರೀಮಿಂಗ್ ಅಥವಾ ನಮ್ಮ ಹಳೇ ಸಿಡಿಯೇ ಸಾಕು ಅನ್ನೋದನ್ನು ನೋಡೋಣ.

ಈಗ ಎಲ್ಲಿಗೆ ಬಂದು ನಿಂತಿದೆ

ಸೋನಿ ಮತ್ತು ಫಿಲಿಪ್ಸ್ ಸೇರಿ 1999ರಲ್ಲಿ ಎಸ್‌ಎಸಿಡಿಯನ್ನು ಹೊರತಂದವು. ಸಿಡಿಯ ಜಾಗಕ್ಕೆ ಇದು ಬರುತ್ತದೆ ಅನ್ನೋದು ಲೆಕ್ಕಾಚಾರ. ಮರುವರ್ಷವೇ ಡಿವಿಡಿ-ಆಡಿಯೋ ಪೈಪೋಟಿಗೆ ಬಂತು. ಇವೆರಡೂ ಜಗಳವಾಡುತ್ತಿದ್ದಾಗ ಜನ ಎಂಪಿ3 ಕಡೆ ಹೊರಟುಹೋದರು. ಡಿವಿಡಿ-ಆಡಿಯೋ ಕೆಲವೇ ವರ್ಷಗಳಲ್ಲಿ ಮುಗಿಯಿತು. ಎಸ್‌ಎಸಿಡಿ ಮಾತ್ರ ಮೂಲೆಯೊಂದರಲ್ಲಿ ಉಳಿದುಕೊಂಡಿತು. 2009ರ ಹೊತ್ತಿಗೆ 6,000ಕ್ಕೂ ಜಾಸ್ತಿ ಶೀರ್ಷಿಕೆಗಳು ಬಂದಿದ್ದವು, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವು. ಇವತ್ತಿಗೂ ಇದು ಮುಖ್ಯವಾಗಿ ಶಾಸ್ತ್ರೀಯ, ಜಾಝ್ ಮತ್ತು ಹಳೇ ರಾಕ್ ಆಲ್ಬಂಗಳ ಮರುಬಿಡುಗಡೆಯ ಲೋಕ.

ಈ ಲೋಕವನ್ನು ಹಿಡಿದಿಟ್ಟಿದ್ದವು ಸಣ್ಣ ಸಣ್ಣ ಲೇಬಲ್‌ಗಳು, ಅಂದರೆ ಸಂಗೀತ ಬಿಡುಗಡೆ ಮಾಡುವ ಕಂಪನಿಗಳು. ಅವು ಈಗ ಕೈ ಬದಲಾಗುತ್ತಿವೆ. ಸ್ವೀಡನ್ನಿನ ಬಿಐಎಸ್ 2023ರಲ್ಲಿ ಆಪಲ್ ಪಾಲಾಯಿತು. ಬ್ರಿಟನ್ನಿನ ಶಾಂಡೋಸ್ ಅನ್ನು 2024ರಲ್ಲಿ ನಾಕ್ಸೋಸ್ ಲೇಬಲ್‌ನ ಸ್ಥಾಪಕರು ಕೊಂಡರು. ಕೈ ಬದಲಾದ ಮಾತ್ರಕ್ಕೆ ಡಿಸ್ಕ್ ನಿಂತುಹೋಗುತ್ತದೆ ಅಂತಿಲ್ಲ. ಆದರೆ ಮುಂದಿನ ರೆಕಾರ್ಡಿಂಗ್ ಎಸ್‌ಎಸಿಡಿಯಲ್ಲಿ ಬರಬೇಕೋ ಬೇಡವೋ ಅಂತ ತೀರ್ಮಾನಿಸುವವರು ಬೇರೆಯಾದರು. ಇನ್ನೊಂದು ಕಡೆ ಜಪಾನಿನಲ್ಲಿ ಕಥೆಯೇ ಬೇರೆ. ಅಲ್ಲಿ ಯೂನಿವರ್ಸಲ್ 2010ರಿಂದ ಎಸ್‌ಎಚ್‌ಎಂ-ಎಸ್‌ಎಸಿಡಿ ಅಂತ ದುಬಾರಿ ಸರಣಿ ತಂದಿತು. ಪ್ಲೇಯರ್ ಮಾಡುವ ಎಸೊಟೆರಿಕ್ ಕಂಪನಿ ಹಳೇ ರೆಕಾರ್ಡಿಂಗ್‌ಗಳನ್ನು ತಾನೇ ಮರುಮಾಸ್ಟರ್ ಮಾಡಿಸಿ ಡಿಸ್ಕ್ ತರುತ್ತದೆ. ಅಮೆರಿಕದಲ್ಲಿ ಮೊಬೈಲ್ ಫಿಡೆಲಿಟಿ, ಅನಲಾಗ್ ಪ್ರೊಡಕ್ಷನ್ಸ್ ಅನ್ನೋ ಲೇಬಲ್‌ಗಳಿವೆ.

ಪ್ಲೇಯರ್‌ಗಳ ವಿಷಯ ಹೆಚ್ಚು ಚಿಂತೆಯದು. ಒಂದು ಕಾಲದಲ್ಲಿ ಏನು ಕೊಟ್ಟರೂ ಓದುತ್ತಿದ್ದ ಯಂತ್ರ ಅಂದರೆ ಒಪ್ಪೋ ಬ್ಲೂ-ರೇ ಪ್ಲೇಯರ್. ಒಪ್ಪೋ ಡಿಜಿಟಲ್ 2018ರಲ್ಲಿ ಅಂಗಡಿ ಮುಚ್ಚಿತು. ಅದರ ಹಳೇ ಪ್ಲೇಯರ್‌ಗಳಿಗೆ ಈಗಲೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಿತ್ತಾಟ. ಸ್ಯಾಮ್‌ಸಂಗ್ 2019ರಲ್ಲಿ ಬ್ಲೂ-ರೇ ಪ್ಲೇಯರ್‌ಗಳಿಂದ ಹಿಂದೆ ಸರಿಯಿತು, ಎಲ್‌ಜಿ 2024ರಲ್ಲಿ. ಆದರೆ ಅದೇ 2024ರಲ್ಲಿ ಮರಾಂಟ್ಜ್ ಹೊಸದೊಂದು ದುಬಾರಿ ಎಸ್‌ಎಸಿಡಿ ಪ್ಲೇಯರ್ ಬಿಟ್ಟಿತು. ಅಂದರೆ ಕೆಳಗಿನ, ನಡುವಿನ ದರದ ಯಂತ್ರಗಳು ಕರಗುತ್ತಿವೆ. ಮೇಲಿನವು ಉಳಿದಿವೆ. ಕಾಸಿದ್ದವನಿಗೆ ಈ ಫಾರ್ಮ್ಯಾಟ್ ಇನ್ನೂ ಎಷ್ಟೋ ವರ್ಷ ಇರುತ್ತದೆ. ನಮ್ಮಂಥವರಿಗೆ ಅದು ದಿನೇ ದಿನೇ ಕಿರಿದಾಗುತ್ತಿದೆ.

ಯಾವ ಅಳತೆಗೋಲು ಹಿಡಿದು ನೋಡಬೇಕು

ಮೊದಲನೆಯದು ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚೆ ರೆಕಾರ್ಡಿಂಗ್‌ನ ಸದ್ದನ್ನು ಹದಗೊಳಿಸುವ ಕೆಲಸ. ಒಂದೇ ಆಲ್ಬಂನ ಐದು ಆವೃತ್ತಿ ಇರುತ್ತವೆ, ಯಾವುದನ್ನು ಯಾರು ಯಾವ ಟೇಪಿನಿಂದ ಹೇಗೆ ತಯಾರಿಸಿದರು ಅನ್ನೋದೇ ಕಿವಿಗೆ ಎಲ್ಲಕ್ಕಿಂತ ಜಾಸ್ತಿ ಗೊತ್ತಾಗುವ ವ್ಯತ್ಯಾಸ. ಎರಡನೆಯದು, ನಿಮ್ಮ ಕೋಣೆಯಲ್ಲಿ ಎರಡು ಸ್ಪೀಕರ್ ಇವೆಯಾ, ಐದಾರು ಇವೆಯಾ. ಮೂರನೆಯದು, ಹತ್ತು ವರ್ಷದ ನಂತರ ಇದನ್ನು ನುಡಿಸಲು ಯಂತ್ರ ಸಿಗುತ್ತದಾ. ನಾಲ್ಕನೆಯದು, ಕೊಂಡದ್ದು ನಿಮ್ಮದಾಗಿ ಉಳಿಯುತ್ತದಾ, ಪ್ರತಿ ಮಾಡಿ ಕಾಪಾಡಿಕೊಳ್ಳಬಹುದಾ. ಕೊನೆಯದು ದುಡ್ಡು. ದುಡ್ಡು ಅಂದಾಗ ಡಿಸ್ಕಿನ ಬೆಲೆ ಒಂದನ್ನೇ ಲೆಕ್ಕ ಹಾಕಬೇಡಿ. ಪ್ಲೇಯರ್, ರಿಸೀವರ್ (ಸದ್ದನ್ನು ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ), ಕೇಬಲ್, ರಿಪೇರಿ ಎಲ್ಲ ಸೇರಿಸಿ ನೋಡಿ.

‘ರೆಸೊಲ್ಯೂಷನ್’ (ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಅಳೆದಿದೆ ಅನ್ನೋದು) ಅನ್ನೋ ಪದ ಈ ಪಟ್ಟಿಯಲ್ಲಿ ಇಲ್ಲ ಅಂತ ಗಮನಿಸಿರಬಹುದು. ಬೇಕಂತಲೇ ಬಿಟ್ಟಿದ್ದು. ಯಾಕೆ ಅಂತ ಹೇಳುತ್ತೇನೆ.

ಸದ್ದು ನಿಜವಾಗಿಯೂ ಚೆನ್ನಾಗಿದೆಯಾ?

ಕಾಗದದ ಮೇಲೆ ಎಸ್‌ಎಸಿಡಿ ಬಹಳ ಮುಂದಿದೆ. ಸಿಡಿ ಸೆಕೆಂಡಿಗೆ 44,100 ಸಲ, ಪ್ರತಿ ಸಲ 16 ಬಿಟ್‌ನಲ್ಲಿ ಸದ್ದನ್ನು ಅಳೆಯುತ್ತದೆ. ಎಸ್‌ಎಸಿಡಿಯಲ್ಲಿರುವ ಡಿಎಸ್‌ಡಿ ಪದ್ಧತಿ ಒಂದೇ ಬಿಟ್‌ನಲ್ಲಿ ಅಳೆಯುತ್ತದೆ, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ, ಅಂದರೆ ಸಿಡಿಯ 64 ಪಟ್ಟು. ಒಂದೇ ಬಿಟ್ ಇದ್ದರೆ ‘ಹಿಸ್’ ಅನ್ನೋ ಬೇಡದ ಸದ್ದು ತುಂಬಾ ಇರಬೇಕಲ್ವಾ? ಇರುತ್ತದೆ. ಅದನ್ನು ಲೆಕ್ಕಾಚಾರದ ಮೂಲಕ ಕಿವಿಗೆ ಕೇಳದ ಎತ್ತರದ ಕಂಪನಗಳ ಕಡೆ ತಳ್ಳಿಬಿಡುತ್ತಾರೆ.

ಆದರೆ ಕಿವಿ ಏನು ಹೇಳುತ್ತದೆ? 2007ರಲ್ಲಿ ಅಮೆರಿಕದ ಇಬ್ಬರು ಒಂದು ಸರಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಎಸ್‌ಎಸಿಡಿ, ಡಿವಿಡಿ-ಆಡಿಯೋ ನುಡಿಸುವಾಗ ಒಮ್ಮೆ ನೇರವಾಗಿ ಕೇಳಿಸುವುದು, ಒಮ್ಮೆ ನಡುವೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸುವುದು. 554 ಸಲ ಕೇಳಿಸಿದಾಗ 276 ಸಲ ಸರಿ ಉತ್ತರ ಬಂತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಆಮೇಲೆ 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯಲ್ಲಿ ಸಣ್ಣ ವ್ಯತ್ಯಾಸ ಕಂಡಿತು. ತರಬೇತಿ ಪಡೆದ ಕಿವಿಗಳಿಗೆ ಅದು ಸ್ವಲ್ಪ ಜಾಸ್ತಿ ಗೊತ್ತಾಗುತ್ತಿತ್ತು. ವ್ಯತ್ಯಾಸ ಇದ್ದರೂ ಕೂದಲೆಳೆಯಷ್ಟು ಅಂತಾಯಿತು.

2007ರ ವರದಿಯಲ್ಲಿ ಜನ ಓದದೇ ಬಿಡುವ ಒಂದು ಮಾತಿದೆ. ಆ ದುಬಾರಿ ಡಿಸ್ಕುಗಳಲ್ಲಿ ಹೆಚ್ಚಿನವು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿಯೇ ಕೇಳಿಸಿದವು ಅಂತ ಪರೀಕ್ಷೆ ಮಾಡಿದವರೇ ಬರೆದಿದ್ದಾರೆ. ಕಾರಣ ಅವನ್ನು ಮಾಡಿದವರ ಶ್ರದ್ಧೆ. ಕಾರಿನಲ್ಲಿ, ಗದ್ದಲದಲ್ಲಿ ಕೇಳುವವರಿಗಾಗಿ ಸದ್ದನ್ನು ಒತ್ತಿ ಒತ್ತಿ ಏರಿಸದೆ, ಮೆಲ್ಲನೆಯ ಭಾಗವನ್ನು ಮೆಲ್ಲಗೇ ಬಿಟ್ಟಿರುತ್ತಾರೆ. ಎಸ್‌ಎಸಿಡಿ ಪ್ರಿಯರು ಹೇಳುವ ‘ಉಸಿರಾಡುವ ಸದ್ದು’ ಬಹುಪಾಲು ಇದೇ.

ಇದಕ್ಕೊಂದು ತಮಾಷೆಯ ಪುರಾವೆ 2022ರಲ್ಲಿ ಸಿಕ್ಕಿತು. ಮೊಬೈಲ್ ಫಿಡೆಲಿಟಿಯ ಎಷ್ಟೋ ಎಲ್‌ಪಿಗಳನ್ನು ಜನ ಪೂರ್ತಿ ಅನಲಾಗ್ ಅಂತ ನಂಬಿ ಕೊಂಡಾಡುತ್ತಿದ್ದರು. ನಡುವೆ ಡಿಎಸ್‌ಡಿ ಪ್ರತಿಯೊಂದು ಇತ್ತು ಅಂತ ಆಗ ಬಯಲಾಯಿತು. ಗಲಾಟೆ ಕೋರ್ಟಿನವರೆಗೂ ಹೋಯಿತು. ಡಿಜಿಟಲ್ ಸದ್ದು ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ ಅನ್ನುತ್ತಿದ್ದವರಿಗೆ ಅಷ್ಟು ವರ್ಷ ಗೊತ್ತಾಗಿರಲಿಲ್ಲ!

ಎಸ್‌ಎಸಿಡಿ

ಇದರ ಬಲ ಮೂರು ಕಡೆ ಇದೆ. ಒಳ್ಳೇ ಮಾಸ್ಟರಿಂಗ್, ಸರೌಂಡ್ (ಸುತ್ತಲೂ ಇಟ್ಟ ಸ್ಪೀಕರ್‌ಗಳಿಂದ ಬರುವ ಸದ್ದು), ಮತ್ತು ಹೈಬ್ರಿಡ್ ಡಿಸ್ಕ್ ಅನ್ನೋ ಜಾಣತನ.

ಹೈಬ್ರಿಡ್ ಅಂದರೆ ಒಂದೇ ಡಿಸ್ಕಿನಲ್ಲಿ ಎರಡು ಪದರ. ಓದುವ ಬದಿಯಿಂದ 0.6 ಮಿಲಿಮೀಟರ್ ಒಳಗೆ ಎಸ್‌ಎಸಿಡಿ ಪದರ, 1.2 ಮಿಲಿಮೀಟರ್ ಒಳಗೆ ಮಾಮೂಲಿ ಸಿಡಿ ಪದರ. ಸಿಡಿ ಪ್ಲೇಯರ್‌ನ 780 ನ್ಯಾನೋಮೀಟರ್ ಬೆಳಕು ಮೇಲಿನ ಪದರವನ್ನು ಹಾಯ್ದು ಕೆಳಗಿನದ್ದನ್ನು ಓದುತ್ತದೆ. ಎಸ್‌ಎಸಿಡಿ ಪ್ಲೇಯರ್‌ನ 650 ನ್ಯಾನೋಮೀಟರ್ ಬೆಳಕಿಗೆ ಮೇಲಿನದ್ದೇ ಕನ್ನಡಿಯಂತೆ ಕಾಣುತ್ತದೆ. ಹಾಗಾಗಿ ನಾಳೆ ಎಸ್‌ಎಸಿಡಿ ಪ್ಲೇಯರ್ ಒಂದೂ ಉಳಿಯದಿದ್ದರೂ ಹೈಬ್ರಿಡ್ ಡಿಸ್ಕ್ ಸಿಡಿಯಾಗಿ ಬದುಕಿರುತ್ತದೆ. ಅದರ ಸಿಡಿ ಪದರವನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಲೂಬಹುದು. ಇದು ದೊಡ್ಡ ಭರವಸೆ. ಆದರೆ ಜಪಾನಿನ ಎಸ್‌ಎಚ್‌ಎಂ-ಎಸ್‌ಎಸಿಡಿಗಳಲ್ಲಿ ಒಂದೇ ಪದರ. ಮಾಮೂಲಿ ಸಿಡಿ ಪ್ಲೇಯರ್‌ಗೆ ಅದು ಬರೀ ಹೊಳೆಯುವ ತಟ್ಟೆ. ದುಬಾರಿಯದ್ದು ಅಂತ ಆಸೆಪಟ್ಟು ತರಿಸಿಕೊಳ್ಳುವ ಮುಂಚೆ ‘ಹೈಬ್ರಿಡ್’ ಅನ್ನೋ ಪದ ಇದೆಯಾ ಅಂತ ನೋಡಿ.

ನನ್ನ ಪ್ಲೇಯರ್ ಯಾಕೆ ಅರ್ಧ ಸತ್ತಿತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಸಿಡಿಯ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಎಸ್‌ಎಸಿಡಿಯಲ್ಲಿ 0.74. ಲೇಸರ್ ಸ್ವಲ್ಪ ಮಂಕಾದರೆ, ಮಸೂರಕ್ಕೆ ಧೂಳು ಕೂತರೆ, ಮೊದಲು ಕೈಕೊಡುವುದು ಈ ಸಣ್ಣ ಸಾಲಿನ ಓದು. ನನ್ನದರಲ್ಲಂತೂ ಎರಡಕ್ಕೂ ಬೇರೆ ಬೇರೆ ಲೇಸರ್. ಒಂದು ಗಟ್ಟಿಯಾಗಿತ್ತು, ಇನ್ನೊಂದು ಹೋಯಿತು.

ದೊಡ್ಡ ತೊಂದರೆ ಪ್ರತಿ ಮಾಡುವುದು. ಎಸ್‌ಎಸಿಡಿ ಪದರವನ್ನು ಕಂಪ್ಯೂಟರ್ ಡ್ರೈವ್‌ಗಳು ಓದುವುದಿಲ್ಲ. ಡಿಸ್ಕಿನ ಗುಳಿಗಳಲ್ಲೇ ಒಂದು ಗುರುತು ಅಡಗಿಸಿ ಬೀಗ ಹಾಕಿದ್ದಾರೆ. 2006ರಲ್ಲಿ ಬಂದ ಮೊದಮೊದಲ ಪ್ಲೇಸ್ಟೇಷನ್ 3 ಎಸ್‌ಎಸಿಡಿ ಓದುತ್ತಿತ್ತು. ಮುಂದಿನ ಮಾಡೆಲ್‌ಗಳಲ್ಲಿ ಸೋನಿ ಅದನ್ನು ತೆಗೆಯಿತು. ಆ ಹಳೇ ಯಂತ್ರಗಳಿಂದ, ಆಮೇಲೆ ಕೆಲವು ಬ್ಲೂ-ರೇ ಪ್ಲೇಯರ್‌ಗಳಿಂದ ಪ್ರತಿ ತೆಗೆಯುವ ದಾರಿಯನ್ನು ಹವ್ಯಾಸಿಗಳು ಕಂಡುಕೊಂಡರು. ಬೀಗ ಮುರಿಯುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಅದನ್ನು ತಿಳಿದುಕೊಂಡೇ ಮುಂದುವರಿಯಬೇಕು.

ಕೇಬಲ್ ವಿಷಯದಲ್ಲೂ ಮೋಸ ಹೋಗುವವರು ಜಾಸ್ತಿ. ಪ್ಲೇಯರ್ ತಂದು ಆಪ್ಟಿಕಲ್ ಕೇಬಲ್ ಹಾಕಿ, ಸದ್ದೇ ಬರುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಎಸ್‌ಎಸಿಡಿ ಪದರ ಸಾಮಾನ್ಯವಾಗಿ ಆಪ್ಟಿಕಲ್‌ನಲ್ಲಿ ಹೊರಗೆ ಬರುವುದೇ ಇಲ್ಲ. ಎರಡು ಚಾನೆಲ್ ಸಾಕಾದರೆ ಅನಲಾಗ್ ತಂತಿ, ಸರೌಂಡ್ ಬೇಕಾದರೆ ಎಚ್‌ಡಿಎಂಐ. 2005ರ 1.2ನೇ ಆವೃತ್ತಿಯಿಂದ ಎಚ್‌ಡಿಎಂಐ ಡಿಎಸ್‌ಡಿಯನ್ನು ಸಾಗಿಸುತ್ತದೆ. ಅಲ್ಲಿಂದ ಮುಂದೆ ನಿಮ್ಮ ರಿಸೀವರ್ ಅದನ್ನು ಪಿಸಿಎಂಗೆ, ಅಂದರೆ ಸಿಡಿಯಲ್ಲಿರುವಂಥ ಪದ್ಧತಿಗೆ, ಬದಲಾಯಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಕೋಣೆಗೆ ತಕ್ಕಂತೆ ಸದ್ದು ಸರಿಪಡಿಸುವ ಸೌಲಭ್ಯ ಬಳಸಿದರೆ ಬದಲಾಯಿಸಲೇಬೇಕಾಗುತ್ತದೆ. ‘ಶುದ್ಧ ಡಿಎಸ್‌ಡಿ’ ಅಂತ ದುಡ್ಡು ಸುರಿದವರಿಗೆ ಇದು ಕಹಿ. ನನ್ನನ್ನು ಕೇಳಿದರೆ, ತಲೆಕೆಡಿಸಿಕೊಳ್ಳಬೇಡಿ. ಕೋಣೆ ಸರಿಪಡಿಸುವುದರಿಂದ ಆಗುವ ಲಾಭ ಅದಕ್ಕಿಂತ ದೊಡ್ಡದು.

ಬ್ಲೂ-ರೇ ಆಡಿಯೋ

ಸರೌಂಡ್ ಬೇಕು ಅನ್ನುವವರಿಗೆ ಎಸ್‌ಎಸಿಡಿಯ ನಿಜವಾದ ಎದುರಾಳಿ ಇದೇ. ಎಸ್‌ಎಸಿಡಿಯಲ್ಲಿ 4.7 ಜಿಬಿ ಜಾಗ, ಬ್ಲೂ-ರೇಯಲ್ಲಿ 25 ಅಥವಾ 50. ಸ್ಟೀರಿಯೋ, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್), ಡಾಲ್ಬಿ ಅಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ಬರುವ ಸರೌಂಡ್) ಮೂರನ್ನೂ ಒಂದೇ ಡಿಸ್ಕಿನಲ್ಲಿ ತುಂಬಬಹುದು. ಎಸ್‌ಎಸಿಡಿ 5.1ಕ್ಕೆ ನಿಲ್ಲುತ್ತದೆ, ತಲೆಯ ಮೇಲಿನ ಸ್ಪೀಕರ್‌ಗಳಿಗೆ ಅದರಲ್ಲಿ ಜಾಗವಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದಕ್ಕೆ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ನೋಡಿ. 30ನೇ ವರ್ಷಕ್ಕೆ, 2003ರಲ್ಲಿ, ಅದರ 5.1 ಮಿಕ್ಸ್ ಬಂದದ್ದು ಎಸ್‌ಎಸಿಡಿಯಲ್ಲಿ. 50ನೇ ವರ್ಷಕ್ಕೆ, 2023ರಲ್ಲಿ, ಅಟ್ಮಾಸ್ ಮಿಕ್ಸ್ ಬಂದದ್ದು ಬ್ಲೂ-ರೇಯಲ್ಲಿ. 1970ರ ದಶಕದ ನಾಲ್ಕು ಚಾನೆಲ್ ಮಿಕ್ಸ್‌ಗಳನ್ನು ಬ್ರಿಟನ್ನಿನ ಡಟನ್ ವೊಕೇಲಿಯನ್ ಎಸ್‌ಎಸಿಡಿಯಲ್ಲಿ ತಂದರೆ, ಅಮೆರಿಕದ ರೈನೋ ಬ್ಲೂ-ರೇಯನ್ನು ಆರಿಸಿಕೊಂಡಿತು. ನಾರ್ವೆಯ 2ಎಲ್ ಲೇಬಲ್ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಕೊಟ್ಟು ಜಗಳವನ್ನೇ ತಪ್ಪಿಸಿತು.

ಸಿನಿಮಾ ಪ್ಲೇಯರೇ ಸಾಕಾಗುವುದರಿಂದ ಖರ್ಚು ಕಡಿಮೆ. ಆದರೆ ಟಿವಿ ಹಚ್ಚದೆ ಮೆನುವಿನಲ್ಲಿ ಅಟ್ಮಾಸ್ ಆರಿಸಿಕೊಳ್ಳೋದು ಎಷ್ಟೋ ಡಿಸ್ಕುಗಳಲ್ಲಿ ಸರ್ಕಸ್. ಕಣ್ಣು ಮುಚ್ಚಿ ಹಾಡು ಕೇಳಲು ಕೂತವನಿಗೆ ಅದು ಕಿರಿಕಿರಿ. ಹೈಬ್ರಿಡ್‌ನಂಥ ಸಿಡಿ ಪದರವೂ ಇಲ್ಲ, ಹಳೇ ಸಿಡಿ ಪ್ಲೇಯರ್‌ನಲ್ಲಿ ಹಾಕಲಾಗದು.

ಡೌನ್‌ಲೋಡ್

ಫೈಲ್ ಕೊಂಡರೆ ಲೇಸರ್‌ನ ಹಂಗಿಲ್ಲ. ಡಿಎಸ್‌ಡಿ ಫೈಲ್‌ಗಳನ್ನೇ ಮಾರುವ ತಾಣಗಳಿವೆ, ನೇಟಿವ್‌ಡಿಎಸ್‌ಡಿ ಅದರಲ್ಲಿ ಹೆಸರುವಾಸಿ. ಎಸ್‌ಎಸಿಡಿಯಲ್ಲಿರುವ ಅದೇ ರೆಕಾರ್ಡಿಂಗ್, ಎಷ್ಟೋ ಸಲ ಸರೌಂಡ್ ಸಮೇತ, ಡಿಸ್ಕಿಲ್ಲದೆ ಸಿಗುತ್ತದೆ. ಎರಡು ಚಾನೆಲ್‌ನ ಒಂದು ಗಂಟೆಯ ಡಿಎಸ್‌ಡಿ ಸುಮಾರು 2.5 ಜಿಬಿ, ಅದೇ ಸಿಡಿ ಮಟ್ಟದಲ್ಲಿ ಸುಮಾರು 635 ಎಂಬಿ. ಇವತ್ತಿನ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ. ಡಿಎಸ್‌ಡಿ ಓದುವ ಡ್ಯಾಕ್‌ಗಳು (ಡಿಜಿಟಲ್ ಫೈಲನ್ನು ಅನಲಾಗ್ ಸದ್ದಾಗಿಸುವ ಪೆಟ್ಟಿಗೆಗಳು) ಈಗ ಎಸ್‌ಎಸಿಡಿ ಪ್ಲೇಯರ್‌ಗಿಂತ ಎಷ್ಟೋ ಅಗ್ಗ.

ಕಂಡುಕೊಳ್ಳಬೇಕಾದ್ದು ಒಂದೇ, ನಿಮಗೆ ಬೇಕಾದ ಆಲ್ಬಂ ಇದೆಯಾ ಅಂತ. ಸಣ್ಣ ಶಾಸ್ತ್ರೀಯ ಲೇಬಲ್‌ಗಳ ಸರಕು ಧಾರಾಳ. ದೊಡ್ಡ ಕಂಪನಿಗಳ ಹಳೇ ರಾಕ್ ಆಲ್ಬಂಗಳ ಎಸ್‌ಎಸಿಡಿ ಮಾಸ್ಟರ್‌ಗಳು ಮಾತ್ರ ಹೆಚ್ಚಾಗಿ ಡಿಸ್ಕಿನಲ್ಲೇ ಉಳಿದುಹೋಗಿವೆ. ಇನ್ನೊಂದು, ಫೈಲ್ ಕೊಂಡವನು ತಾನೇ ಗ್ರಂಥಪಾಲಕ ಆಗಬೇಕು. ಎರಡು ಪ್ರತಿ ಇಡಬೇಕು, ಹೆಸರು ತಿದ್ದಬೇಕು. ನನಗೆ ಇದು ಇಷ್ಟದ ಕೆಲಸ, ಎಲ್ಲರಿಗೂ ಅಲ್ಲ. ಮತ್ತೆ ಫೈಲನ್ನು ಮಾರಲಾಗುವುದಿಲ್ಲ. ಮುದ್ರಣ ನಿಂತ ಎಸ್‌ಎಸಿಡಿಗೆ ಕೊಂಡ ಬೆಲೆಗಿಂತ ಜಾಸ್ತಿ ಬರುವುದುಂಟು.

ಸ್ಟ್ರೀಮಿಂಗ್, ಮತ್ತು ಸಿಡಿ

ಸ್ಟ್ರೀಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವಾಗಲೇ ಬಳಸುತ್ತಿರುತ್ತೀರಿ. ಆಪಲ್ 2021ರಲ್ಲಿ ಹೆಚ್ಚಿನ ಹಣ ಕೇಳದೆ 24 ಬಿಟ್, 192 ಕಿಲೋಹರ್ಟ್ಸ್‌ವರೆಗಿನ ಸದ್ದು ಕೊಡಲು ಶುರುಮಾಡಿದ ಮೇಲೆ, ‘ಹೈ-ರೆಸ್ ಬೇಕಾದರೆ ಡಿಸ್ಕೇ ಗತಿ’ ಅನ್ನೋ ಮಾತು ಮುಗಿಯಿತು. ಅಡಚಣೆ ಎಂದರೆ ಯಾವ ಮಾಸ್ಟರ್ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ನಿನ್ನೆ ಇದ್ದ ಆವೃತ್ತಿಯ ಜಾಗದಲ್ಲಿ ಇವತ್ತು ಹೊಸ ಮರುಮಾಸ್ಟರ್ ಕೂತಿರಬಹುದು. ಸ್ಟ್ರೀಮಿಂಗ್‌ಗೆ ಅಂತ ಬಂದಿದ್ದ ಎಂಕ್ಯೂಎ ಅನ್ನೋ ಹೈ-ರೆಸ್ ಫಾರ್ಮ್ಯಾಟ್ ನೆನಪಿದೆಯಾ? ಅದಕ್ಕಾಗಿಯೇ ಬೇರೆ ಡ್ಯಾಕ್ ಕೊಂಡವರಿದ್ದರು. 2023ರಲ್ಲಿ ಆ ಕಂಪನಿ ದಿವಾಳಿಯಂಚಿಗೆ ಬಂತು, 2024ರಲ್ಲಿ ಟೈಡಲ್ ಅನ್ನೋ ಸ್ಟ್ರೀಮಿಂಗ್ ಸೇವೆ ಅದನ್ನು ಕೈಬಿಟ್ಟು ಎಲ್ಲರೂ ಬಳಸಬಹುದಾದ ಫ್ಲಾಕ್ ಫಾರ್ಮ್ಯಾಟ್‌ಗೆ ಬಂತು. ಎಸ್‌ಎಸಿಡಿ ಅದಕ್ಕಿಂತ ಎಷ್ಟೋ ಗಟ್ಟಿ ಜೀವ.

ಸಿಡಿಯನ್ನು ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. 1980ರ ದಶಕದಲ್ಲಿ, ಸದ್ದು ಏರಿಸುವ ಹುಚ್ಚು ಹತ್ತುವ ಮುಂಚೆ ಬಂದ ಎಷ್ಟೋ ಸಿಡಿಗಳ ಮಾಸ್ಟರಿಂಗ್ ಇವತ್ತಿನ ದುಬಾರಿ ಆವೃತ್ತಿಗಳಿಗಿಂತ ಹಿತವಾಗಿದೆ. ಸುಲಭವಾಗಿ ಪ್ರತಿ ಮಾಡಬಹುದು, ಯಾವುದರಲ್ಲಿ ಹಾಕಿದರೂ ಓಡುತ್ತದೆ. ಸುಮ್ನೆ ಒಂದು ಹಳೇ ಸಿಡಿ ಹುಡುಕಿ ಕೇಳಿ ನೋಡಿ.

ಹಾಗಾದರೆ ನಿಮಗೆ ಯಾವುದು

ಎರಡೇ ಸ್ಪೀಕರ್, ಎಸ್‌ಎಸಿಡಿ ಇನ್ನೂ ಒಂದೂ ಇಲ್ಲ, ಬಜೆಟ್ ಬಿಗಿ ಅಂದರೆ ಇವತ್ತು ಶುರುಮಾಡಬೇಡಿ. ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಸಿಡಿ ಮತ್ತು ಡೌನ್‌ಲೋಡ್ ಸಾಕು. ಮನಸ್ಸಿಗೆ ಹತ್ತಿರದ ಆಲ್ಬಂ ಹೈಬ್ರಿಡ್ ಎಸ್‌ಎಸಿಡಿಯಾಗಿ ಸಿಕ್ಕರೆ ಕೊಂಡು ಸಿಡಿಯಂತೆ ಕೇಳಿ. ಅದರ ಸಿಡಿ ಪದರಕ್ಕೂ ಹಲವು ಸಲ ಒಳ್ಳೇ ಮಾಸ್ಟರೇ ಬಂದಿರುತ್ತದೆ.

ಸರೌಂಡ್ ವ್ಯವಸ್ಥೆ ಇದ್ದು, ಕೇಳುವುದು ರಾಕ್ ಮತ್ತು ಹೊಸ ಮಿಕ್ಸ್‌ಗಳು ಅಂದರೆ ಬ್ಲೂ-ರೇ ಮೊದಲು. ಆದರೆ ಪ್ಲೇಯರ್ ಕೊಳ್ಳುವಾಗ ಎಸ್‌ಎಸಿಡಿಯೂ ಓದುವಂಥದ್ದನ್ನೇ ತನ್ನಿ, ಇನ್ನೂ ಸಿಗುತ್ತಿರುವಾಗಲೇ. ಆರ್ಕೆಸ್ಟ್ರಾ ಸಂಗೀತದ ಸರೌಂಡ್ ಹುಚ್ಚು ಇರುವವರಿಗೆ ಎಸ್‌ಎಸಿಡಿಗೆ ಸಾಟಿಯಾದ ಭಂಡಾರ ಇವತ್ತಿಗೂ ಬೇರೆ ಡಿಸ್ಕಿನಲ್ಲಿಲ್ಲ. ಆ ಭಂಡಾರದ ಎಷ್ಟೋ ಡಿಸ್ಕು ಒಮ್ಮೆ ಮುಗಿದರೆ ಮತ್ತೆ ಮುದ್ರಣವಾಗುವುದಿಲ್ಲ. ಇಂಥವರು ಕಾಯುವುದರಲ್ಲಿ ಅರ್ಥವಿಲ್ಲ.

ಈಗಾಗಲೇ ನೂರಿನ್ನೂರು ಡಿಸ್ಕ್ ಇದ್ದವರು ಹೊಸ ಡಿಸ್ಕಿಗಿಂತ ಮೊದಲು ಎರಡನೇ ಪ್ಲೇಯರ್ ಬಗ್ಗೆ ಯೋಚಿಸಿ. ದುಡ್ಡಿದ್ದರೆ ಇನ್ನೂ ತಯಾರಾಗುತ್ತಿರುವ, ಕಂಪನಿಯೇ ರಿಪೇರಿ ಮಾಡಿಕೊಡುವಂಥದ್ದು. ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ನಾನು ಎರಡನೇ ಸಲ ಕೊಂಡಾಗ ಮೂರು ಡಿಸ್ಕ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ: ಒಂದು ಹೈಬ್ರಿಡ್, ಒಂದು ಒಂಟಿ ಪದರದ್ದು, ಒಂದು ಸರೌಂಡ್ ಇರುವ ಉದ್ದದ್ದು. ಮಾರುವವರು ಸಿಡಿ ಹಾಕಿ ತೋರಿಸಿದರೆ ತಲೆಯಾಡಿಸಿ, ನಿಮ್ಮ ಡಿಸ್ಕ್ ಹಾಕಿಸಿ. ಒಂಟಿ ಪದರದ್ದನ್ನು ಹಾಕಿದಾಗ ಯಂತ್ರಕ್ಕೆ ಸಿಡಿ ಪದರದ ಹಿಂದೆ ಅಡಗಲು ಜಾಗವಿರುವುದಿಲ್ಲ. ಓದಿದರೆ ಓದಿತು, ಇಲ್ಲದಿದ್ದರೆ ‘ಡಿಸ್ಕ್ ಇಲ್ಲ’ ಅನ್ನುತ್ತದೆ. ಆಮೇಲೆ ಉದ್ದದ ಡಿಸ್ಕಿನ ಕೊನೆಯ ಟ್ರ್ಯಾಕಿಗೆ ಹಾರಿ. ಡಿಸ್ಕ್ ಒಳಗಿನಿಂದ ಹೊರಗೆ ಓದುವುದರಿಂದ ಕೊನೆಯ ಟ್ರ್ಯಾಕ್ ಅಂಚಿನಲ್ಲಿರುತ್ತದೆ, ಮುದಿ ಲೇಸರ್ ತಡವರಿಸುವುದು ಅಲ್ಲೇ. ಯಂತ್ರ ಬಿಸಿಯಾದ ಮೇಲೆ, ಅರ್ಧ ಗಂಟೆ ಬಿಟ್ಟು, ಇದನ್ನೇ ಇನ್ನೊಮ್ಮೆ ಮಾಡಿ. ಆ ಪುಟ್ಟ ದೀಪ ಎರಡು ಸಲವೂ ಹತ್ತಿದರೆ ಮಾತ್ರ ದುಡ್ಡು ತೆಗೆಯಿರಿ.